ಕೊನೆಯ 20 ಅಡಿ

ಒಂದು ಪ್ರಶ್ನೆಯಿಂದಲೇ ಶುರು ಮಾಡ್ತೀನಿ. ನಿಮ್ಮ ಮನೆಯಲ್ಲಿ ವೈಫೈ ಎಲ್ಲಿ ಚೆನ್ನಾಗಿ ಸಿಗುತ್ತೆ? ಹಾಲ್‌ನಲ್ಲಿ, ಟಿವಿ ಮುಂದೆ. ಎಲ್ಲಿ ಸಿಗಲ್ಲ? ಹಿಂದಿನ ಕೋಣೆಯಲ್ಲಿ. ಆ ಕೋಣೆಯಲ್ಲಿ ಇರೋದು ಯಾರು? ಪರೀಕ್ಷೆಗೆ ಓದುತ್ತಿರುವ ಮಗಳು. ಇಲ್ಲಾ, ಹಾಸಿಗೆ ಹಿಡಿದ ಅಜ್ಜಿ. ದುಡ್ಡು ಕಟ್ಟೋದು ಇಡೀ ಮನೆಗೆ, ಸಿಗ್ನಲ್ ಮಾತ್ರ ಟಿವಿ ನೋಡೋರಿಗೆ!

ಹಳ್ಳಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದ್ದು 2011ರಲ್ಲಿ. ಅದೇ ಮುಂದೆ ಭಾರತ್‌ನೆಟ್ ಆಯಿತು. ಫೈಬರ್ ಗ್ರಾಮ ಪಂಚಾಯಿತಿಗೆ ಬಂತಾ, ಬಂದರೆ ಕೆಲಸ ಮಾಡ್ತಿದೆಯಾ ಅಂತ ಸರ್ಕಾರವನ್ನು ಕೇಳಬೇಕು, ಕೇಳೋಣ. ಆದರೆ ಬಾಗಿಲು ದಾಟಿ ಹಾಲ್‌ವರೆಗೆ ಬಂದ ಇಂಟರ್ನೆಟ್ ಹಿಂದಿನ ಕೋಣೆಗೆ ಹೋಗದಿದ್ದರೆ ಯಾವ ಮಂತ್ರಿಯನ್ನು ಕೇಳೋಣ? ಆ ಕೊನೆಯ 20 ಅಡಿ ನಮ್ಮದೇ ಜವಾಬ್ದಾರಿ.

ಮೊದಲು ತಪ್ಪು ಎಲ್ಲಿದೆ ಅಂತ ಪತ್ತೆ ಮಾಡಿ. ರೂಟರ್ ಪಕ್ಕದಲ್ಲೇ ನಿಂತು ಫೋನ್‌ನಲ್ಲಿ ಸ್ಪೀಡ್ ಟೆಸ್ಟ್ ಮಾಡಿ. ಆಮೇಲೆ ಹಿಂದಿನ ಕೋಣೆಗೆ ಹೋಗಿ ಮತ್ತೆ ಮಾಡಿ. ಎರಡೂ ಕಡೆ ನಿಧಾನ ಇದ್ದರೆ ಲೈನ್‌ನವರಿಗೆ ದೂರು ಕೊಡಿ. ಹಾಲ್‌ನಲ್ಲಿ ಜೋರು, ಕೋಣೆಯಲ್ಲಿ ಸೊನ್ನೆ ಅಂದ್ರೆ ತೊಂದರೆ ಗೋಡೆಯದ್ದು. ಆಗ 100 ಎಂಬಿಪಿಎಸ್ ಪ್ಲಾನ್ ಬಿಟ್ಟು 200ರದ್ದು ಹಾಕಿಸಿಕೊಂಡರೆ ನಿಮ್ಮ ಬಿಲ್ ಏರುತ್ತೆ, ಕೋಣೆ ಹಾಗೇ ಇರುತ್ತೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಹಳೇ ಮನೆಗಳನ್ನು ನೆನೆಸಿಕೊಳ್ಳಿ. ತೊಟ್ಟಿ ಮನೆ, ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಅದರ ಹಿಂದೆ ಆಮೇಲೆ ಸೇರಿಸಿದ ಆರ್‌ಸಿಸಿ ರೂಮು. ಬೇಸಿಗೆಯಲ್ಲಿ ಮನೆ ತಂಪಾಗಿಡುವ ಅದೇ ಗೋಡೆ ವೈಫೈ ಅನ್ನೂ ನುಂಗುತ್ತೆ. ಯಾಕಂದ್ರೆ ವೈಫೈ ಅನ್ನೋದು ರೇಡಿಯೋ ಅಲೆ. ದಪ್ಪ ಗೋಡೆ ದಾಟುವಾಗ ಅದರ ಶಕ್ತಿ ಸೋರಿಹೋಗುತ್ತೆ. ನೀರು ಅದನ್ನು ಹೀರುತ್ತೆ. ಕಬ್ಬಿಣದ ಬೀರು, ತಗಡಿನ ಶೀಟು, ದೊಡ್ಡ ಕನ್ನಡಿ ಅದನ್ನು ವಾಪಸ್ ಕಳಿಸುತ್ತವೆ.

ಈಗಿನ ಬಹುತೇಕ ರೂಟರ್‌ಗಳಲ್ಲಿ ಎರಡು ದಾರಿ ಇರುತ್ತೆ: 2.4 ಗಿಗಾಹರ್ಟ್ಸ್, 5 ಗಿಗಾಹರ್ಟ್ಸ್. 5ರದ್ದು ವೇಗ ಹೆಚ್ಚು, ಗೋಡೆ ಕಂಡರೆ ಸುಸ್ತು. 2.4ರದ್ದು ನಿಧಾನ, ಆದರೆ ಗೋಡೆ ದಾಟುವುದರಲ್ಲಿ ಗಟ್ಟಿ. ಹಿಂದಿನ ಕೋಣೆಯ ಫೋನನ್ನು 2.4ಕ್ಕೆ ಸೇರಿಸಿ ನೋಡಿ. ಖರ್ಚಿಲ್ಲ.

ಖರ್ಚಿಲ್ಲದ ಇನ್ನೊಂದು ಕೆಲಸ ಇದೆ. ಟಿವಿಯಿಂದಲೇ ನನ್ನ ಅನ್ನ, ಆದರೂ ಹೇಳ್ತೀನಿ: ಆ ರೂಟರನ್ನು ಟಿವಿ ಹಿಂದಿನಿಂದ ಈಚೆ ತೆಗೀರಿ. ಲೈನ್ ಹಾಕಲು ಬಂದ ಹುಡುಗ ತನಗೆ ಅನುಕೂಲವಾದ ಮೂಲೆಯಲ್ಲಿ ಮೊಳೆ ಹೊಡೆದು ಹೋಗಿರ್ತಾನೆ. ಅದು ಇರಬೇಕಾದ್ದು ಮನೆಯ ಮಧ್ಯದಲ್ಲಿ, ಆಳೆತ್ತರದಲ್ಲಿ, ಬಯಲಾಗಿ. ನೇರ ನಿಂತ ಆಂಟೆನಾದಿಂದ ಸಿಗ್ನಲ್ ಹರಡುವ ಆಕಾರ ಉದ್ದಿನ ವಡೆಯ ಹಾಗೆ. ಸುತ್ತಲೂ ಹೆಚ್ಚು, ಮೇಲೆ ಕೆಳಗೆ ಕಡಿಮೆ. ಮಹಡಿ ಮನೆಯಾದರೆ ಒಂದು ಆಂಟೆನಾ ನೆಟ್ಟಗೆ, ಇನ್ನೊಂದು ಅಡ್ಡ ಮಾಡಿ ನೋಡಿ. ಫೈಬರನ್ನು ಮಾತ್ರ ನೀವೇ ಎಳೆದು ಮಡಚಬೇಡಿ, ಒಳಗಿನ ಗಾಜಿನ ಎಳೆ ಮುರಿಯುತ್ತೆ.

ಇಷ್ಟಕ್ಕೂ ಆಗಲಿಲ್ಲವಾ? ಆಗ ಜನ ಅಂಗಡಿಗೆ ಹೋಗಿ ರಿಪೀಟರ್ ತರ್ತಾರೆ. ತಂದು ಸಿಗ್ನಲ್ ಇಲ್ಲದ ಕೋಣೆಯಲ್ಲೇ ಸಿಕ್ಕಿಸ್ತಾರೆ! ತನಗೇ ಕೇಳಿಸದ ಮಾತನ್ನು ಅದು ಮುಂದಕ್ಕೆ ಹೇಳೋದಾದರೂ ಹೇಗೆ? ಸಿಗ್ನಲ್ ಇನ್ನೂ ಚೆನ್ನಾಗಿರುವ ನಡುದಾರಿಯಲ್ಲಿ ಅದನ್ನು ಹಾಕಬೇಕು. ಹಾಗೆ ಹಾಕಿದರೂ ಸಾಮಾನ್ಯ ರಿಪೀಟರ್ ಕೇಳೋದು, ಹೇಳೋದು ಎರಡನ್ನೂ ಒಂದೇ ದಾರಿಯಲ್ಲಿ ಮಾಡುವುದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತೆ.

ನನ್ನ ಕೇಳಿದರೆ, ಮಣ್ಣಿನ ಗೋಡೆಯ ಮನೆಗೆ ಕೇಬಲ್ಲೇ ಸರಿ. ಗೋಡೆಗೆ ಒಂದು ತೂತು, ಒಂದು ನೆಟ್‌ವರ್ಕ್ ಕೇಬಲ್, ಆ ಕಡೆ ಇನ್ನೊಂದು ರೂಟರ್. ಅಟ್ಟದ ಮೇಲಿರುವ ಹಳೇ ರೂಟರ್ ಕೂಡ ಆದೀತು. ಅದನ್ನು ಆಕ್ಸೆಸ್ ಪಾಯಿಂಟ್ ಮಾಡಿ ಅಂತ ಗೊತ್ತಿರುವವರಿಗೆ ಹೇಳಿ. ಈ ಕೇಬಲ್ 100 ಮೀಟರ್‌ವರೆಗೆ ಕೆಲಸ ಮಾಡುತ್ತೆ.

ಹೊಗೆಸೊಪ್ಪು ಬೆಳೆಗಾರರಿಗೆ ಒಂದು ಮಾತು. ಸೊಪ್ಪು ಹದ ಮಾಡುವ ದಿನಗಳಲ್ಲಿ ರಾತ್ರಿ ಇಡೀ ಬ್ಯಾರನ್ ಹತ್ತಿರ ಬೆಂಕಿ ಕಾಯ್ತೀರಿ. ಅಲ್ಲಿಗೂ ವೈಫೈ ಬೇಕು ಅಂದ್ರೆ ಬಯಲಲ್ಲಿ ತಾಮ್ರದ ಕೇಬಲ್ ಎಳೆಯಬೇಡಿ, ಸಿಡಿಲಿನ ಹೊಡೆತ ಅದರ ಮೂಲಕ ಮನೆಯೊಳಗೆ ಬರಬಹುದು. ಗಾಜಿನ ಫೈಬರ್‌ನಲ್ಲಿ ವಿದ್ಯುತ್ ಹರಿಯಲ್ಲ, ಅದನ್ನೇ ಹಾಕಿಸಿ. ಪೆಟ್ಟಿಗೆ ಬ್ಯಾರನ್ ಬಿಸಿಗೆ ಸಿಗದಂತೆ ಹೊರಗೆ ನೆರಳಲ್ಲಿರಲಿ.

ಇನ್ನು ಎಚ್.ಡಿ. ಕೋಟೆಯ ಕಾಡಂಚು, ಕಬಿನಿ ಹಿನ್ನೀರಿನ ಕಡೆ. ಮೊಬೈಲ್ ಸಿಗ್ನಲ್‌ಗೇ ಪರದಾಡುವ ಊರುಗಳಲ್ಲಿ ವೈಫೈ ಇದ್ದರೆ ಮಾಮೂಲಿ ಫೋನ್ ಕರೆಯೂ ಅದರ ಮೇಲೆ ಹೋಗುತ್ತೆ. ಅದಕ್ಕೆ ವೈಫೈ ಕಾಲಿಂಗ್ ಅಂತಾರೆ. 2019ರ ಕೊನೆ, 2020ರ ಆರಂಭದಲ್ಲಿ ಏರ್‌ಟೆಲ್ ಮತ್ತು ಜಿಯೋ ಇದನ್ನು ಶುರು ಮಾಡಿದವು. ಫೋನ್ ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿದರೆ ಸಾಕು. ಹಾಸಿಗೆ ಹಿಡಿದ ಅಜ್ಜಿ ರಾತ್ರಿ ಹೊತ್ತು ಮೈಸೂರಿನ ಮಗನಿಗೆ ಫೋನ್ ಮಾಡಬೇಕಾದರೆ ಆ ಕೋಣೆಯ ಸಿಗ್ನಲ್ಲೇ ಆಕೆಗೆ ಆಸರೆ. ಕರೆಂಟ್ ಹೋದರೂ ಅದು ಉಳಿಯಬೇಕಲ್ವಾ? ರೂಟರ್‌ಗೆಂದೇ ಚಿಕ್ಕ ಯುಪಿಎಸ್ ಸಿಗುತ್ತೆ. ಎರಡು ಪೆಟ್ಟಿಗೆ ಇದ್ದರೆ ಎರಡಕ್ಕೂ ಹಾಕಿ.

2020ರಲ್ಲಿ ಶಾಲೆ ಮುಚ್ಚಿದಾಗ ಮಕ್ಕಳು ಸಿಗ್ನಲ್ ಹುಡುಕಿ ಮರ ಹತ್ತಿದ್ದನ್ನು, ಗುಡ್ಡ ಹತ್ತಿದ್ದನ್ನು ರಾಜ್ಯವೇ ನೋಡಿತು, ಮರುಗಿತು. ಈಗ ಲೈನ್ ಮನೆಗೇ ಬಂದಿದೆ. ಆದರೂ ಮಗಳು ಪುಸ್ತಕ ಹಿಡಿದು ಟಿವಿ ಸದ್ದಿನ ನಡುವೆ ಹಾಲ್‌ನಲ್ಲೇ ಕೂರಬೇಕು ಅಂದ್ರೆ ಯಾರನ್ನು ದೂರೋಣ? ಈ ಕಾರ್ಯಕ್ರಮ ಮುಗಿದ ಮೇಲೆ ಟಿವಿ ಆರಿಸಿ, ಫೋನ್ ಹಿಡಿದು ಹಿಂದಿನ ಕೋಣೆಗೆ ಒಮ್ಮೆ ಹೋಗಿ ನೋಡಿ. ಮನೆಯಲ್ಲಿ ವೈಫೈ ಇದೆ ಅಂತ ಆ ಕೋಣೆಯವರು ಹೇಳಬೇಕು.