ಎಲಿಮಿನೇಟರಿನ ತಂತಿಯೂ ಗೋಡೆಯ ಸಾಕೆಟ್ಟೂ

ತಮ್ಮ ಟ್ರಾನ್ಸಿಸ್ಟರ್ ರೇಡಿಯೋ ಮನೆಯಲ್ಲಿ ಬ್ಯಾಟರಿ ಎಲಿಮಿನೇಟರಿನಿಂದ ನಡೆಯುತ್ತಿರಬಹುದು. ಸೆಲ್ಲಿನ ಖರ್ಚು ಉಳಿಯುತ್ತದೆ, ಒಳ್ಳೆಯದೇ. ಆದರೆ ರೇಡಿಯೋದ ಕಡೆಗೆ ಹೋಗುವ 6 ವೋಲ್ಟಿನ ತಂತಿಯ ತುದಿಯನ್ನು ಒಮ್ಮೆ ನೋಡಿರಿ. ಅಲ್ಲಿ ಗೋಡೆಯ ಸಾಕೆಟ್ಟಿಗೂ ಹೊಂದುವಂಥ ಎರಡು ಕಡ್ಡಿಯ ಪ್ಲಗ್ಗು ಇದ್ದರೆ ಇಂದೇ ತೆಗೆಸಿ, ದುಂಡು ಕೊಳವೆಯ ಪ್ಲಗ್ಗು ಹಾಕಿಸಿರಿ. ಚೀಟಿ ಅಂಟಿಸಿದರೆ ಸಾಲದು. ಮಕ್ಕಳಾಗಲಿ ನೆಂಟರಾಗಲಿ ಅದನ್ನು ಓದುತ್ತ ಕೂರುವುದಿಲ್ಲ.

ಮನೆಯ ವಿದ್ಯುತ್ತು 230 ವೋಲ್ಟ್ ಎನ್ನುತ್ತೇವೆ. ವಾಸ್ತವದಲ್ಲಿ ಅದು ಸೆಕೆಂಡಿಗೆ 50 ಆವರ್ತಗಳಂತೆ ಏರಿಳಿಯುತ್ತ, ತುದಿಯಲ್ಲಿ ಸುಮಾರು 325 ವೋಲ್ಟ್ ಮುಟ್ಟುತ್ತದೆ. ಇದು ಹಿಂಬಾಗಿಲಿನಿಂದ ಎಲಿಮಿನೇಟರಿಗೆ ನುಗ್ಗಿದರೆ 16 ವೋಲ್ಟ್ ಮಾತ್ರ ತಾಳುವ ಕಂಡೆನ್ಸರ್ ಸಿಡಿಯಬಹುದು. ಪ್ರವಾಹ ದಿಕ್ಕು ಬದಲಿಸಿದೊಡನೆ ಡಯೋಡುಗಳೇ ನೇರ ಹಾದಿಯಾಗಿ ಸುಟ್ಟುಹೋಗುತ್ತವೆ. ರೇಡಿಯೋ ಸೇರಿಸಿದ್ದರೆ ಅದೂ ಉಳಿಯದು; ಅದರ ಲೋಹದ ಭಾಗ ಮುಟ್ಟಿದವರಿಗೆ ಪ್ರಾಣಾಪಾಯ.

ಫ್ಯೂಸ್ ಇದೆಯಲ್ಲ ಎನ್ನುವಿರಾ? ಫ್ಯೂಸನ್ನು ಉಳಿಸಲು ಟ್ರಾನ್ಸಿಸ್ಟರ್ ಪ್ರಾಣ ಕೊಡುತ್ತದೆಂಬುದು ರಿಪೇರಿಯವರ ಹಾಸ್ಯ, ಅದು ಸುಳ್ಳಲ್ಲ. ಫ್ಯೂಸಿನ ತಂತಿ ಕರಗಲು ಸ್ವಲ್ಪ ಹೊತ್ತು ಬೇಕು, ಟ್ರಾನ್ಸಿಸ್ಟರಿಗೆ ಅಷ್ಟು ತಾಳ್ಮೆಯಿಲ್ಲ. ಆದ್ದರಿಂದ ಹೊರದಾರಿಯಲ್ಲಿ ಮೊದಲು ಫ್ಯೂಸ್, ಅದರ ಒಳಬದಿಗೆ ಎರಡು ತಂತಿಗಳ ನಡುವೆ ಸಪ್ರೆಸರ್ ಡಯೋಡ್ ಕೂರಿಸಬೇಕು. ವೋಲ್ಟೇಜು ಮಿತಿ ಮೀರಿದ ಕ್ಷಣವೇ ಅದು ಪ್ರವಾಹವನ್ನು ತನ್ನ ಮೂಲಕ ಹರಿಸಿಕೊಳ್ಳುತ್ತದೆ. ಅಷ್ಟರಲ್ಲಿ ಫ್ಯೂಸ್ ಹೋಗುತ್ತದೆ. ಫ್ಯೂಸು ಗಾಜಿನದು ಬೇಡ, ಮರಳು ತುಂಬಿದ ಪಿಂಗಾಣಿಯದಿರಲಿ. ಅಷ್ಟು ದೊಡ್ಡ ಪ್ರವಾಹದ ಕಿಡಿಯನ್ನು ಆರಿಸಲಾರದೆ ಗಾಜು ಒಡೆಯಬಹುದು. ಹೀಗೆ ಒಮ್ಮೆ ಫ್ಯೂಸ್ ಹೋದರೆ, ಹೊಸದನ್ನು ಹಾಕುವ ಮುನ್ನ ಆ ಡಯೋಡನ್ನೂ ಪರೀಕ್ಷೆ ಮಾಡಿಸಿರಿ.