ಸ್ಟೇನ್‌ಲೆಸ್ ಉಕ್ಕಿನ ನೀರುಕೊಳವೆಗಳಲ್ಲಿ ಕ್ಯಾವಿಟೇಶನ್ ಸವೆತ

ಕೈಗಾರಿಕೆಗಳ ನೀರುಕೊಳವೆಗಳಿಗೆ ಸ್ಟೇನ್‌ಲೆಸ್ ಉಕ್ಕನ್ನು ಆರಿಸುವುದು ಬಹುಮಟ್ಟಿಗೆ ತುಕ್ಕಿನ ಭಯದಿಂದ. ಉಕ್ಕಿನಲ್ಲಿರುವ ಕ್ರೋಮಿಯಂ ಹೊರಮೈಯ ಮೇಲೆ ಅತಿ ತೆಳುವಾದ ಆಕ್ಸೈಡ್ ಪದರವನ್ನು ನಿರ್ಮಿಸಿ ಲೋಹವನ್ನು ಕಾಯುತ್ತದೆ. ಗೀರಿದರೂ ಆಮ್ಲಜನಕದ ನೆರವಿನಿಂದ ಪದರ ಮತ್ತೆ ಕೂಡಿಕೊಳ್ಳುತ್ತದೆ. ಇಂತಹ ಕೊಳವೆಯಲ್ಲಿ ತೂತು ಕಾಣಿಸಿಕೊಂಡಾಗ ಸಂದೇಹವು ಸಹಜವಾಗಿಯೇ ನೀರಿನಲ್ಲಿರುವ ಕ್ಲೋರೈಡಿನತ್ತ ಹೋಗುತ್ತದೆ. 304 ದರ್ಜೆಯ ಕೊಳವೆಯನ್ನು ತೆಗೆದು, ಮಾಲಿಬ್ಡಿನಂ ಬೆರೆತ ದುಬಾರಿಯಾದ 316 ದರ್ಜೆಯದನ್ನು ಜೋಡಿಸಲಾಗುತ್ತದೆ. ನಿಜವಾದ ಕಾರಣ ಕ್ಯಾವಿಟೇಶನ್ ಆಗಿದ್ದಲ್ಲಿ ಹೊಸ ಕೊಳವೆಯೂ ಅದೇ ಜಾಗದಲ್ಲಿ ಸವೆಯುತ್ತದೆ.

ನೀರು ಆವಿಯಾಗಲು ಶಾಖವೇ ಬೇಕೆಂದಿಲ್ಲ. ಒತ್ತಡ ಇಳಿದರೂ ಸಾಕು. 20 ಡಿಗ್ರಿ ಸೆಲ್ಸಿಯಸ್‌ನ ನೀರು ಸುಮಾರು 2.3 ಕಿಲೋಪಾಸ್ಕಲ್ ಒತ್ತಡದಲ್ಲಿ, 60 ಡಿಗ್ರಿಯ ನೀರು ಸುಮಾರು 20 ಕಿಲೋಪಾಸ್ಕಲ್ ಒತ್ತಡದಲ್ಲಿ ಕುದಿಯುತ್ತದೆ. ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಹರಿಯುವ ನೀರು ಅರೆಮುಚ್ಚಿದ ಕವಾಟವೊಂದರ ಬಳಿ ಕಾಲುಭಾಗ ಜಾಗದಲ್ಲೇ ನುಸುಳಬೇಕಾಯಿತೆನ್ನೋಣ. ಅಲ್ಲಿ ವೇಗ 16 ಮೀಟರಿಗೆ ಏರುತ್ತದೆ. ಬರ್ನೂಲಿಯ ಸೂತ್ರದಂತೆ ಒತ್ತಡ 120 ಕಿಲೋಪಾಸ್ಕಲ್‌ನಷ್ಟು ಕುಸಿಯುತ್ತದೆ. ಸಮುದ್ರಮಟ್ಟದ ವಾಯುವೊತ್ತಡಕ್ಕಿಂತ ಇದು ಹೆಚ್ಚು. ಕವಾಟದ ಹಿಂದಿನ ಒತ್ತಡ ಸಾಲದಿದ್ದರೆ ನೀರಿನೊಳಗೆ ಆವಿಯ ಗುಳ್ಳೆಗಳು ಹುಟ್ಟುತ್ತವೆ.

ಗುಳ್ಳೆ ಹುಟ್ಟುವುದರಿಂದ ಹಾನಿಯಿಲ್ಲ, ಸಾಯುವಾಗಲೇ ಹಾನಿ. ಇಕ್ಕಟ್ಟನ್ನು ದಾಟಿದ ಮೇಲೆ ಒತ್ತಡ ಚೇತರಿಸಿಕೊಂಡು ಗುಳ್ಳೆಗಳು ಒಳಮುಖವಾಗಿ ಕುಸಿಯುತ್ತವೆ. ಈ ಕುಸಿತದಲ್ಲಿ ಸಾವಿರಾರು ವಾಯುಮಂಡಲಗಳ ಒತ್ತಡ ಹುಟ್ಟಬಲ್ಲದೆಂಬುದನ್ನು ಲಾರ್ಡ್ ರೇಲೀ 1917ರಲ್ಲಿಯೇ ಗಣಿತದಿಂದ ತೋರಿಸಿದ್ದರು. ಗೋಡೆಯ ಸಮೀಪದ ಗುಳ್ಳೆ ದುಂಡಾಗಿ ಕುಸಿಯದೆ, ಗೋಡೆಯತ್ತ ಸೂಕ್ಷ್ಮವಾದ ಜಲಧಾರೆಯನ್ನು ಚಿಮ್ಮಿಸುತ್ತದೆಂಬುದನ್ನು ನೌಡೆ ಮತ್ತು ಎಲ್ಲಿಸ್ 1961ರಲ್ಲಿ ಪ್ರಯೋಗದಿಂದ ದೃಢಪಡಿಸಿದರು. ಈ ಪುಟ್ಟ ಹೊಡೆತಗಳು ಲೆಕ್ಕವಿಲ್ಲದಷ್ಟು ಸಲ ಬಿದ್ದಾಗ ಲೋಹ ದಣಿದು ಕಣಕಣವಾಗಿ ಕಿತ್ತುಹೋಗುತ್ತದೆ. ಆಕ್ಸೈಡ್ ಪದರವೂ ಹರಿಯುತ್ತದೆ, ಕೂಡುತ್ತದೆ, ಮತ್ತೆ ಹರಿಯುತ್ತದೆ. ರಾಸಾಯನಿಕ ಸವೆತವೂ ಇಲ್ಲಿ ಕೈಜೋಡಿಸಬಹುದು. ಆದರೆ ಮೊದಲ ಅಪರಾಧಿ ಅದಲ್ಲ.

ಇವೆರಡನ್ನೂ ಬೇರ್ಪಡಿಸಿ ಗುರುತಿಸುವುದು ಅಷ್ಟು ಕಷ್ಟವೇನಲ್ಲ. ಕ್ಲೋರೈಡಿನ ಗುಳಿಗಳು ನೀರು ನಿಂತ ಕಡೆ, ಕೆಸರಿನ ಅಡಿ, ಗ್ಯಾಸ್ಕೆಟ್‌ನ ಸಂದಿನಲ್ಲಿ ಏಳುತ್ತವೆ. ಬಾಯಿ ಕಿರಿದು, ಒಳಗೆ ವಿಸ್ತಾರ. ಕ್ಯಾವಿಟೇಶನ್ನಿನ ಗಾಯವಾದರೋ ಸ್ಪಂಜಿನಂತೆ ಒರಟು, ನಿಕ್ಷೇಪವಿಲ್ಲದೆ ಶುಭ್ರ. ಕವಾಟ, ರಂಧ್ರಫಲಕ ಅಥವಾ ಕಡಿದಾದ ತಿರುವಿನ ತುಸು ಮುಂದೆಯೇ ಕಾಣುತ್ತದೆ. ಕೊಳವೆಯೊಳಗೆ ಜಲ್ಲಿ ಹರಿದಂಥ ಸದ್ದು ಇದರ ಮುನ್ಸೂಚನೆ. ತೂತಾದ ತುಂಡನ್ನು ಗುಜರಿಗೆ ಎಸೆಯುವ ಮುನ್ನ ಸೀಳಿ ನೋಡಿದರೆ ಉತ್ತರ ಬಹುಪಾಲು ಅಲ್ಲಿಯೇ ಇರುತ್ತದೆ.

ಶೇಕಡಾ 13 ಕ್ರೋಮಿಯಂ, 4 ನಿಕಲ್ ಇರುವ ಟರ್ಬೈನಿನ ಉಕ್ಕು ಅಥವಾ ಕೋಬಾಲ್ಟ್ ಮಿಶ್ರಲೋಹದ ಲೇಪ ಹೆಚ್ಚು ಕಾಲ ತಾಳುತ್ತದೆ. ಆದರೂ ಲೋಹವನ್ನು ಬದಲಿಸುವುದಕ್ಕಿಂತ ಒತ್ತಡವನ್ನು ತಿದ್ದುವುದು ಮೇಲು: ಒಂದೇ ಕವಾಟದಲ್ಲಿ ಆಗುವ ಇಳಿತವನ್ನು ಎರಡು ಮೂರು ಹಂತಗಳಿಗೆ ಹಂಚುವುದು, ಕವಾಟವನ್ನು ಕೆಳಮಟ್ಟಕ್ಕೆ ಸ್ಥಳಾಂತರಿಸುವುದು ಇತ್ಯಾದಿ. ಪಂಪಿನ ಹೀರುಕೊಳವೆಯಲ್ಲಿ ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ವಾಯುವೊತ್ತಡ ಸುಮಾರು 91 ಕಿಲೋಪಾಸ್ಕಲ್ ಮಾತ್ರ. ಮಂಗಳೂರಿನ ಕಾರ್ಖಾನೆಗೆ ಹೊಂದಿದ ವಿನ್ಯಾಸವನ್ನು ಇಲ್ಲಿ ಹಾಗೆಯೇ ನಕಲು ಮಾಡಿದರೆ ಹೀರಿಕೆಯ ಮಿತಿಯಲ್ಲಿ ಹೆಚ್ಚುಕಡಮೆ ಒಂದು ಮೀಟರ್ ನೀರಿನಷ್ಟು ಕೊರತೆ ಬೀಳುತ್ತದೆ.