ಒಟ್ಟಾವಾದ ಋತುಗಳು ಮತ್ತು ವಲಸೆ ಬಂದವರ ಮನೆವಾರ್ತೆ

ಹೊರದೇಶದಿಂದ ಬಂದ ಕುಟುಂಬವೊಂದು ಕೆನಡಾದಲ್ಲಿ ನೆಲೆಯೂರಿತೆಂದು ಯಾವಾಗ ಹೇಳಬಹುದು ಎಂಬ ಪ್ರಶ್ನೆಗೆ ವಲಸೆ ಇಲಾಖೆಯ ಕಾಗದಪತ್ರಗಳು ಕೊಡುವ ಉತ್ತರ ಒಂದಾದರೆ, ಅಲ್ಲಿನ ಹವಾಮಾನ ಕೊಡುವ ಉತ್ತರ ಬೇರೆಯೇ ಆಗಿದೆ. ಕಾಯಂ ನಿವಾಸಿಯ ಕಾರ್ಡು, ಬ್ಯಾಂಕಿನ ಖಾತೆ, ಮಕ್ಕಳ ಶಾಲೆಯ ದಾಖಲಾತಿ ಇವೆಲ್ಲ ಮೊದಲ ಕೆಲವು ತಿಂಗಳಲ್ಲೇ ಕೈಸೇರಬಹುದು. ಆದರೆ ಜನವರಿಯ ಬೆಳಿಗ್ಗೆ ಕಿಟಕಿಯಾಚೆ ಕಾಣುವ ಪ್ರಖರ ಬಿಸಿಲು ಬೆಚ್ಚನೆಯ ದಿನದ ಸೂಚನೆಯಲ್ಲ, ಹೊದಿಕೆಯಾಗಬೇಕಿದ್ದ ಮೋಡಗಳು ಸರಿದುಹೋಗಿ ರಾತ್ರಿಯಿಡೀ ನೆಲ ತನ್ನ ಕಾವನ್ನೆಲ್ಲ ಕಳೆದುಕೊಂಡಿದ್ದರ ಸೂಚನೆ ಎಂಬ ತಿಳಿವಳಿಕೆ ವರ್ಷದ ಒಂದು ಸುತ್ತಾದರೂ ಮುಗಿಯದೆ ಬರುವುದಿಲ್ಲ. 2021ರ ಜನಗಣತಿಯಂತೆ ಕೆನಡಾದ ಜನಸಂಖ್ಯೆಯಲ್ಲಿ ಶೇಕಡ 23ರಷ್ಟು ಮಂದಿ ವಲಸೆ ಬಂದವರು. ಅದರ ಹಿಂದಿನ ಐದು ವರ್ಷಗಳಲ್ಲಿ ಬಂದವರ ಪೈಕಿ ಶೇಕಡ 18.6ರಷ್ಟು ಜನ ಭಾರತದಲ್ಲಿ ಹುಟ್ಟಿದವರು, ಮತ್ತು ಬೇರೆ ಯಾವ ದೇಶದ ಪಾಲೂ ಅಷ್ಟಿರಲಿಲ್ಲ. ಇವರಲ್ಲಿ ಅನೇಕರಿಗೆ ಹಿಮವೆಂಬುದು ಅಲ್ಲಿಯವರೆಗೆ ಚಲನಚಿತ್ರದ ಹಾಡಿನಲ್ಲಿ ಕಂಡ ವಸ್ತುವಾಗಿತ್ತು.

ಹೊಸಬರ ಈ ಕಲಿಕೆಯನ್ನು ದೇಶದ ರಾಜಧಾನಿಯಾದ ಒಟ್ಟಾವಾದಲ್ಲಿ ಗಮನಿಸುವುದು ಅನುಕೂಲಕರ, ಏಕೆಂದರೆ ಅಲ್ಲಿ ನಾಲ್ಕೂ ಋತುಗಳು ಒಂದರೊಡನೊಂದು ರಾಜಿಯಾಗದೆ ತಮ್ಮ ಪೂರ್ಣರೂಪದಲ್ಲಿ ಬರುತ್ತವೆ. ಜನವರಿಯ ಸರಾಸರಿ ಉಷ್ಣತೆ ಸೊನ್ನೆಗಿಂತ ಸುಮಾರು 10 ಡಿಗ್ರಿ ಕೆಳಗಿದ್ದರೆ ಜುಲೈಯದು ಸುಮಾರು 21 ಡಿಗ್ರಿ. ಒಂದು ವರ್ಷದಲ್ಲಿ ಬೀಳುವ ಹಿಮ ಸರಾಸರಿ ಎರಡು ಮೀಟರಿಗೂ ಹೆಚ್ಚು. ಕನ್ನಡಿಗರಿಗೆ ಈ ಊರು ತೀರ ಅಪರಿಚಿತವೂ ಅಲ್ಲ. ಇಲ್ಲಿನ ನೆಪಿಯನ್ ಕ್ಷೇತ್ರವನ್ನು 2015ರಿಂದ 2025ರವರೆಗೆ ಪ್ರತಿನಿಧಿಸಿದ ಚಂದ್ರ ಆರ್ಯ ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನವರಾಗಿದ್ದು, 2022ರ ಮೇ ತಿಂಗಳಲ್ಲಿ ಅವರು ಅಲ್ಲಿನ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತನಾಡಿದ್ದು ಕರ್ನಾಟಕದಲ್ಲೆಲ್ಲ ಸುದ್ದಿಯಾಗಿತ್ತು.

ಮೊದಲಿಗೆ ಅರಿವಿಗೆ ಬರುವುದು ಚಳಿಯಲ್ಲ, ಬೆಳಕು. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಒಟ್ಟಾವಾದಲ್ಲಿ ಅದು ಏಳು ಗಂಟೆಯ ಹತ್ತಿರ ಹೋಗುತ್ತದೆ. ಡಿಸೆಂಬರಿನಲ್ಲಿ ಸಂಜೆ 4 ಗಂಟೆ 20 ನಿಮಿಷದ ಸುಮಾರಿಗೆ ಮುಳುಗುವ ಸೂರ್ಯ ಜೂನ್ ಕೊನೆಯಲ್ಲಿ ರಾತ್ರಿ 9 ಗಂಟೆ ಸಮೀಪಿಸಿದರೂ ಆಕಾಶ ಬಿಟ್ಟು ಕದಲುವುದಿಲ್ಲ. ಇದರ ಮೇಲೆ, ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೂ ನವೆಂಬರಿನ ಮೊದಲ ಭಾನುವಾರ ಒಂದು ಗಂಟೆ ಹಿಂದಕ್ಕೂ ತಿರುಗಿಸುವ ಪದ್ಧತಿಯಿದೆ. ಊರಿನಲ್ಲಿರುವ ತಂದೆತಾಯಿಗೆ ಫೋನು ಮಾಡುವ ಹೊತ್ತು ವರ್ಷಕ್ಕೆರಡು ಬಾರಿ ಬದಲಾಗುವುದರಿಂದ, ಈ ಪದ್ಧತಿಯ ಕಿರಿಕಿರಿ ಸ್ಥಳೀಯರಿಗಿಂತ ವಲಸೆ ಬಂದವರಿಗೇ ಒಂದು ತೂಕ ಹೆಚ್ಚು.

ಋತುಗಳು ನಾಲ್ಕು ಎಂಬ ಲೆಕ್ಕವಾದರೂ ಯುರೋಪಿನಿಂದ ಬಂದವರದು. ಕೆನಡಾದ ಮೂಲನಿವಾಸಿಗಳಲ್ಲಿ ದೊಡ್ಡ ಸಮುದಾಯವಾದ ಕ್ರೀ ಜನರ ಎಣಿಕೆಯಲ್ಲಿ ಋತುಗಳು ಆರು; ನಮ್ಮ ವಸಂತ, ಗ್ರೀಷ್ಮಾದಿ ಷಡೃತುಗಳ ನಡುವೆ ಮಳೆಗೆ ಸಿಕ್ಕಿರುವ ಸ್ಥಾನದಂತೆಯೇ ಅವರ ಎಣಿಕೆಯಲ್ಲಿ ನದಿಸರೋವರಗಳು ಹೆಪ್ಪುಗಟ್ಟುವ ಕಾಲಕ್ಕೂ ಆ ಮಂಜುಗಡ್ಡೆ ಒಡೆದು ನೀರು ಹರಿಯತೊಡಗುವ ಕಾಲಕ್ಕೂ ಪ್ರತ್ಯೇಕ ಸ್ಥಾನವಿದೆ. ದೋಣಿಯಲ್ಲೂ ಹೋಗಲಾಗದ, ಮಂಜುಗಡ್ಡೆಯ ಮೇಲೆ ನಡೆಯಲೂ ಆಗದ ಆ ಎರಡು ಅವಧಿಗಳನ್ನು ಬೇಟೆ ಮತ್ತು ಮೀನುಗಾರಿಕೆಯಿಂದ ಬದುಕುವ ಜನ ಬೇರೆಯಾಗಿ ಗುರುತಿಸಿದ್ದು ಸಹಜವೇ ಆಗಿದೆ. ಹಿಮದ ಮೇಲೆ ಹೂತುಹೋಗದೆ ನಡೆಯಲು ಬಳಸುವ ಅಗಲ ಪಾದುಕೆ, ಗಾಲಿಯಿಲ್ಲದ ಜಾರುಬಂಡಿ, ಮೇಪಲ್ ಮರದ ರಸದಿಂದ ಸಿಹಿ ತೆಗೆಯುವ ವಿದ್ಯೆ ಇವು ಮೂಲನಿವಾಸಿಗಳ ಕೊಡುಗೆ. ಒಟ್ಟಾವಾ ನಗರ ನಿಂತಿರುವ ನೆಲವೂ ಆಲ್ಗಾಂಕ್ವಿನ್ ಜನ ಯಾವ ಒಪ್ಪಂದದಲ್ಲೂ ಬಿಟ್ಟುಕೊಡದಿರುವ ನೆಲ. ಈ ದೃಷ್ಟಿಯಿಂದ ನೋಡಿದರೆ ಹೊಸಬರು, ಹಳಬರು ಎಂಬ ವಿಂಗಡಣೆ ಸಾಮಾನ್ಯವಾಗಿ ಭಾವಿಸುವಷ್ಟು ಖಚಿತವಾದುದಲ್ಲ.

ಚಳಿಗಾಲದ ವಿಷಯದಲ್ಲಿ ಹೊಸಬರನ್ನು ಅಚ್ಚರಿಗೊಳಿಸುವುದು ಅದರ ಕಾಠಿಣ್ಯಕ್ಕಿಂತ ಅದಕ್ಕಾಗಿ ಸಮಾಜ ಮಾಡಿಕೊಂಡಿರುವ ಏರ್ಪಾಟು. ಮಲೆನಾಡಿನ ಮನೆಗಳಲ್ಲಿ ಮಳೆ ಹಿಡಿಯುವ ಮೊದಲೇ ಸೌದೆ ಒಟ್ಟಿ, ಹಪ್ಪಳ ಸಂಡಿಗೆ ಒಣಗಿಸಿ, ಕಂಬಳಿಕೊಪ್ಪೆಯನ್ನು ಅಟ್ಟದಿಂದ ಇಳಿಸುತ್ತಿದ್ದಂತೆ ಇಲ್ಲಿಯೂ ಸಿದ್ಧತೆ ಶರತ್ಕಾಲದಲ್ಲೇ ನಡೆಯುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ಸಿದ್ಧತೆಯ ಹೊಣೆಯಲ್ಲಿ ಕಾನೂನಿಗೂ ಪಾಲಿದೆ. ಬಾಡಿಗೆಯಲ್ಲಿ ಮನೆ ಕಾಯಿಸುವ ವೆಚ್ಚ ಸೇರಿದ್ದರೆ, ಸೆಪ್ಟೆಂಬರ್ 1ರಿಂದ ಜೂನ್ 15ರವರೆಗೆ ಒಳಗಿನ ಉಷ್ಣತೆಯನ್ನು ಕನಿಷ್ಠ 20 ಡಿಗ್ರಿಯಲ್ಲಿ ಇಡಬೇಕೆಂದು ಒಟ್ಟಾವಾ ಸೇರಿರುವ ಒಂಟಾರಿಯೊ ಪ್ರಾಂತ್ಯದ ನಿಯಮ ಮಾಲೀಕನಿಗೆ ವಿಧಿಸುತ್ತದೆ. ಒಟ್ಟಾವಾ ನದಿಯಾಚೆಗಿನ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಾರುಗಳಿಗೆ ಚಳಿಗಾಲದ ಟೈರು ಕಡ್ಡಾಯ; ಸಾಮಾನ್ಯ ಟೈರಿನ ರಬ್ಬರು ಕೊರೆವ ಚಳಿಯಲ್ಲಿ ಗಡುಸಾಗಿ ರಸ್ತೆಯ ಹಿಡಿತ ಕಳೆದುಕೊಳ್ಳುವುದೇ ಇದಕ್ಕೆ ಕಾರಣ. ಬಿಸಿಲಿನಿಂದ ಚರ್ಮಕ್ಕೆ ದೊರೆಯಬೇಕಾದ ವಿಟಮಿನ್ ಡಿ ಚಳಿಗಾಲದಲ್ಲಿ ದೊರೆಯದಿರುವುದರಿಂದ ಅಂಗಡಿಯ ಹಾಲಿಗೆ ಅದನ್ನು ಬೆರೆಸುವುದು ದೇಶದಾದ್ಯಂತ ಕಡ್ಡಾಯ.

ರೇಡಿಯೊದಲ್ಲಿ ಹವಾಮಾನ ವರದಿ ಕೇಳುವವರಿಗೆ ಪ್ರತಿದಿನ ಎರಡು ಅಂಕಿಗಳು ಸಿಗುತ್ತವೆ: ಒಂದು ಗಾಳಿಯ ನಿಜವಾದ ಉಷ್ಣತೆ, ಇನ್ನೊಂದು ವಿಂಡ್ ಚಿಲ್. ಮೈಯ ಸುತ್ತ ನಿಲ್ಲುವ ತೆಳುವಾದ ಬೆಚ್ಚನೆಯ ಪದರವನ್ನು ಬೀಸುಗಾಳಿ ಹೊತ್ತೊಯ್ಯುವುದರಿಂದ ಚರ್ಮಕ್ಕೆ ಎಷ್ಟು ಚಳಿಯೆನಿಸುತ್ತದೆ ಎಂಬುದನ್ನು ತಿಳಿಸುವ ಸೂಚ್ಯಂಕವೇ ಈ ಎರಡನೆಯದು. ಅದು ಮೈನಸ್ 40 ತಲುಪಿದಾಗ ಬಟ್ಟೆಯಿಲ್ಲದ ಚರ್ಮ ಹತ್ತು ನಿಮಿಷದೊಳಗೇ ಹೆಪ್ಪುಗಟ್ಟಿ ಗಾಯವಾಗಬಲ್ಲದು. ಇಷ್ಟಾದರೂ ಶಾಲೆಯ ಬಿಡುವಿನ ವೇಳೆಯಲ್ಲಿ ಮಕ್ಕಳನ್ನು ಹೊರಗೆ ಆಡಲು ಕಳಿಸುವುದು ಅಲ್ಲಿನ ರೂಢಿ. ವಿಂಡ್ ಚಿಲ್ ಮೈನಸ್ 25ರ ಆಸುಪಾಸಿಗೆ ಇಳಿಯದ ಹೊರತು ಬಹಳಷ್ಟು ಶಾಲೆಗಳಲ್ಲಿ ಬಾಗಿಲು ಮುಚ್ಚುವುದಿಲ್ಲ. ಹೀಗಾಗಿ ಐದು ವರ್ಷದ ಮಗುವೂ ಮೊದಲು ಹಿಮದ ಪ್ಯಾಂಟು, ಅನಂತರ ಬೂಟು, ಅದರ ಮೇಲೆ ಜಾಕೆಟ್ಟು, ಕಿವಿ ಮುಚ್ಚುವ ಟೂಕ್ ಎಂಬ ಉಣ್ಣೆಯ ಟೋಪಿ, ಎಲ್ಲಕ್ಕಿಂತ ಕೊನೆಗೆ ನಾಲ್ಕು ಬೆರಳನ್ನೂ ಒಂದೇ ಚೀಲದಲ್ಲಿ ಸೇರಿಸುವ ಕೈಗವಸು ಎಂಬ ಕ್ರಮವನ್ನು ಕಲಿಯಲೇಬೇಕಾಗುತ್ತದೆ, ಏಕೆಂದರೆ ಕೈಗವಸನ್ನು ಮೊದಲೇ ಹಾಕಿಕೊಂಡವರಿಗೆ ಜಾಕೆಟ್ಟಿನ ಜಿಪ್ಪು ಎಳೆಯಲು ಬರುವುದಿಲ್ಲ. ಶಾಲೆಯಲ್ಲಿ ಕಲಿತ ಈ ಕ್ರಮವನ್ನು ಮಕ್ಕಳೇ ಮನೆಗೆ ತಂದು ತಂದೆತಾಯಿಗೆ ತಿದ್ದಿ ಹೇಳುವುದು ಹೊಸಬರ ಮನೆಗಳಲ್ಲಿ ಸಾಮಾನ್ಯ ಸಂಗತಿ.

ಅಡುಗೆಮನೆಯ ಹೊಂದಾಣಿಕೆ ಇನ್ನೂ ಸ್ವಾರಸ್ಯವಾದುದು. ಹೊರಗಿನ ತಣ್ಣನೆಯ ಗಾಳಿಯಲ್ಲಿ ನೀರಿನಂಶ ಅತ್ಯಲ್ಪ. ಅದೇ ಗಾಳಿ ಒಳಬಂದು ಫರ್ನೇಸ್ ಎಂಬ ಕುಲುಮೆಯಲ್ಲಿ ಕಾಯ್ದು ಕೊಳವೆಗಳ ಮೂಲಕ ಕೋಣೆಗಳಿಗೆ ಹರಡಿದಾಗ ಮತ್ತಷ್ಟು ಒಣಗಿದಂತಾಗಿ, ತುಟಿ ಬಿರಿಯುತ್ತದೆ, ಉಣ್ಣೆಬಟ್ಟೆ ತೊಟ್ಟವರು ಬಾಗಿಲ ಹಿಡಿ ಮುಟ್ಟಿದರೆ ಚುರುಕ್ಕೆಂದು ವಿದ್ಯುತ್ತಿನ ಕಿಡಿ ತಾಗುತ್ತದೆ. ಇಪ್ಪತ್ತು ಡಿಗ್ರಿಯ ಮನೆಯಲ್ಲಿ ಕೊಬ್ಬರಿ ಎಣ್ಣೆ ಡಬ್ಬಿಯಲ್ಲೇ ಕಲ್ಲಾಗುತ್ತದೆ, ದೋಸೆಹಿಟ್ಟು ರಾತ್ರಿ ಕಳೆದರೂ ಹುದುಗುವುದಿಲ್ಲ. ದಕ್ಷಿಣ ಭಾರತದ ಮನೆಗಳು ಕಂಡುಕೊಂಡಿರುವ ಉಪಾಯವೆಂದರೆ, ಒಲೆಯ ಕೆಳಗಿನ ಓವನ್ನನ್ನು ಕಾಯಿಸದೆ ಅದರೊಳಗಿನ ದೀಪವನ್ನಷ್ಟೇ ಹೊತ್ತಿಸಿ ಹಿಟ್ಟಿನ ಪಾತ್ರೆಯನ್ನು ಒಳಗಿಟ್ಟು ಬಾಗಿಲು ಮುಚ್ಚುವುದು. ಆ ಸಣ್ಣ ಬಲ್ಬಿನ ಕಾವು ಹಿಟ್ಟನ್ನು ಬೆಳಗಾಗುವುದರೊಳಗೆ ಉಬ್ಬಿಸಲು ಸಾಕಾಗುತ್ತದೆ. ಸಂಕ್ರಾಂತಿಯ ಹೊತ್ತಿಗೆ ಬೇಕಾಗುವ ಅವರೆಕಾಳು ಭಾರತೀಯ ದಿನಸಿ ಅಂಗಡಿಯ ಫ್ರೀಜರಿನಲ್ಲಿ ‘ಸುರ್ತಿ ಪಾಪಡಿ ಲಿಲ್ವಾ’ ಎಂಬ ಗುಜರಾತಿ ಹೆಸರಿನಲ್ಲಿ ಮಲಗಿರುತ್ತದೆ ಎಂಬುದೂ ಹಳಬರು ಹೊಸಬರಿಗೆ ತಿಳಿಸುವ ಗುಟ್ಟುಗಳಲ್ಲೊಂದು.

ಚಳಿಗಾಲವನ್ನು ಸಹಿಸುವುದರಿಂದ ಮೆಚ್ಚುವುದರೆಡೆಗೆ ಕುಟುಂಬಗಳನ್ನು ದಾಟಿಸುವುದು ಬಹುಮಟ್ಟಿಗೆ ಮನೆಯ ಹೊರಗಿನ ಸಾರ್ವಜನಿಕ ಸ್ಥಳಗಳು. ಒಟ್ಟಾವಾದ ಮಧ್ಯೆ ಹರಿಯುವ ರಿಡೋ ಕಾಲುವೆಯನ್ನು 1826ರಿಂದ 1832ರ ನಡುವೆ ಕರ್ನಲ್ ಜಾನ್ ಬೈ ಎಂಬ ಇಂಜಿನಿಯರನ ಮೇಲ್ವಿಚಾರಣೆಯಲ್ಲಿ ತೋಡಿದ್ದು ಸೈನಿಕ ಉದ್ದೇಶಕ್ಕಾಗಿ. 202 ಕಿಲೋಮೀಟರ್ ಉದ್ದದ ಈ ಜಲಮಾರ್ಗ 2007ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆದರೆ ಊರಿನ ಜನಕ್ಕೆ ಅದು ಮುಖ್ಯವಾಗುವುದು ಹೆಪ್ಪುಗಟ್ಟಿದಾಗ. 1971ರಿಂದ ಕಾಲುವೆಯ 7.8 ಕಿಲೋಮೀಟರ್ ಭಾಗವನ್ನು ಚಳಿಗಾಲದಲ್ಲಿ ಸ್ಕೇಟಿಂಗ್ ದಾರಿಯಾಗಿ ಕಾಯ್ದುಕೊಂಡು ಬರಲಾಗಿದೆ. ಮಂಜುಗಡ್ಡೆ ಕನಿಷ್ಠ 30 ಸೆಂಟಿಮೀಟರ್ ದಪ್ಪವಾದ ಮೇಲೆ ಮಾತ್ರ ಅದನ್ನು ತೆರೆಯುತ್ತಾರೆ; ಪ್ರವೇಶಕ್ಕೆ ಶುಲ್ಕವಿಲ್ಲ. ಕಾಲಿಗೆ ಸ್ಕೇಟು ಕಟ್ಟಿ ಕಚೇರಿಗೆ ಹೋಗುವವರು, ಚಿಕ್ಕ ಮಕ್ಕಳನ್ನು ಜಾರುಬಂಡಿಯಲ್ಲಿ ಕೂರಿಸಿ ಎಳೆಯುವವರು, ದಾಲ್ಚಿನ್ನಿ ಸಕ್ಕರೆ ಉದುರಿಸಿದ ‘ಬೀವರ್‌ಟೇಲ್’ ಎಂಬ ಕರಿದ ತಿಂಡಿಗೆ ಸಾಲು ನಿಂತವರು, ಬಿದ್ದು ಎದ್ದು ಮತ್ತೆ ಬೀಳುವ ನಲವತ್ತು ವಯಸ್ಸಿನ ಹೊಸಬರು ಎಲ್ಲರೂ ಅಲ್ಲಿ ಸೇರುತ್ತಾರೆ. ಮಂಜುಗಡ್ಡೆಯ ಮೇಲೆ ಬೀಳುವುದು ಅಲ್ಲಿ ಅವಮಾನದ ವಿಷಯವಲ್ಲ ಎಂಬುದು ಹೊಸಬರಿಗೆ ಎಷ್ಟು ಧೈರ್ಯ ಕೊಡುತ್ತದೆಂಬುದನ್ನು ವಲಸೆ ಕುರಿತ ವರದಿಗಳು ಅಪರೂಪವಾಗಿ ಗಮನಿಸುತ್ತವೆ.

ಮಾರ್ಚಿನಲ್ಲಿ ರಾತ್ರಿ ಸೊನ್ನೆಗಿಂತ ಕೆಳಗೂ ಹಗಲು ಸೊನ್ನೆಗಿಂತ ಮೇಲಕ್ಕೂ ಉಷ್ಣತೆ ಓಲಾಡತೊಡಗಿದಾಗ ಮೇಪಲ್ ಮರದೊಳಗೆ ಒತ್ತಡದ ಏರಿಳಿತವುಂಟಾಗಿ ರಸ ಹರಿಯುತ್ತದೆ. ಶೇಕಡ ಎರಡು ಮೂರರಷ್ಟು ಮಾತ್ರ ಸಕ್ಕರೆಯಿರುವ ಈ ನೀರಿನಂಥ ರಸವನ್ನು ಸುಮಾರು 40 ಲೀಟರ್ ಕುದಿಸಿ ಬತ್ತಿಸಿದರೆ ಒಂದು ಲೀಟರ್ ಪಾಕ ಸಿಗುತ್ತದೆ. ಆಲೆಮನೆಯನ್ನು ಬಲ್ಲ ಕನ್ನಡಿಗರಿಗೆ ಈ ಕುದಿಯುವ ಕೊಪ್ಪರಿಗೆಯ ಮನೆಗಳನ್ನು ವಿವರಿಸಿ ಹೇಳಬೇಕಾಗಿಲ್ಲ. ಇದೇ ದಿನಗಳಲ್ಲಿ ಯುಗಾದಿಯೂ ಬರುತ್ತದೆ. ಆಗ ಹೊರಗೆ ಚಿಗುರಿನ ಸುಳಿವೂ ಇಲ್ಲದೆ ರಸ್ತೆಯಂಚಿನಲ್ಲಿ ಉಪ್ಪು ಬೆರೆತ ಕಪ್ಪು ಹಿಮದ ರಾಶಿಗಳಿರುವುದರಿಂದ ಬೇವು, ಮಾವಿನೆಲೆ ಎರಡೂ ಅಂಗಡಿಯ ಪೊಟ್ಟಣದಿಂದಲೇ ಬರಬೇಕು. ಏಪ್ರಿಲ್ ಬರೀ ಕೆಸರಿನ ತಿಂಗಳು, ಅದನ್ನು ಹೊಗಳುವವರು ಕಡಿಮೆ.

ಮೇ ತಿಂಗಳಲ್ಲಿ ನಗರ ಟ್ಯೂಲಿಪ್ ಹೂಗಳಿಂದ ತುಂಬುವುದರ ಹಿಂದೆ ಎರಡನೆಯ ಮಹಾಯುದ್ಧದ ಕತೆಯಿದೆ. ನಾಜಿಗಳ ವಶವಾದ ನೆದರ್‌ಲ್ಯಾಂಡ್ಸಿನಿಂದ ಬಂದು ಒಟ್ಟಾವಾದಲ್ಲಿ ಆಶ್ರಯ ಪಡೆದಿದ್ದ ರಾಜಕುಮಾರಿ ಯೂಲಿಯಾನಾಳಿಗೆ 1943ರ ಜನವರಿಯಲ್ಲಿ ಅಲ್ಲಿಯೇ ಮಗಳು ಹುಟ್ಟಿದಳು. ಮಗುವಿಗೆ ಡಚ್ ಪೌರತ್ವವೊಂದೇ ಇರುವಂತೆ ಹೆರಿಗೆಯ ಕೋಣೆಯನ್ನು ಕೆನಡಾದ ಅಧಿಕಾರವ್ಯಾಪ್ತಿಗೆ ಹೊರತಾದುದೆಂದು ಸರ್ಕಾರ ಘೋಷಿಸಿತ್ತು. ಕೃತಜ್ಞತೆಯಾಗಿ 1945ರಲ್ಲಿ ಬಂದ ಒಂದು ಲಕ್ಷ ಗೆಡ್ಡೆಗಳ ಪರಂಪರೆ ಇಂದಿಗೂ ನಡೆದಿದ್ದು, ಪ್ರತಿವರ್ಷ 20,000 ಗೆಡ್ಡೆಗಳು ಬರುತ್ತವೆ. ನೆಲೆ ಕಳೆದುಕೊಂಡು ಬಂದವರ ನೆನಪೇ ಊರಿನ ವಸಂತೋತ್ಸವವಾಗಿರುವುದು ವಲಸೆ ಕುಟುಂಬಗಳಿಗೆ ಹಿಡಿಸುವುದರಲ್ಲಿ ಆಶ್ಚರ್ಯವಿಲ್ಲ. ಮೇ 25ಕ್ಕೆ ಮೊದಲು ಬರುವ ಸೋಮವಾರದ ವಿಕ್ಟೋರಿಯಾ ದಿನ ಕಳೆಯುವವರೆಗೆ ಸಸಿಗಳನ್ನು ಹೊರಗೆ ನೆಡಬಾರದೆಂಬುದು ತೋಟಗಾರರ ನಂಬಿಕೆ, ಏಕೆಂದರೆ ಅಲ್ಲಿಯವರೆಗೂ ರಾತ್ರಿ ಇಬ್ಬನಿ ಹೆಪ್ಪುಗಟ್ಟಬಹುದು. ಕನ್ನಡಿಗರ ಮನೆಗಳಲ್ಲಿ ಈ ನಿಯಮ ಅನ್ವಯವಾಗುವುದು ಮುಖ್ಯವಾಗಿ ಕರಿಬೇವಿಗೆ: ಎಂಟು ತಿಂಗಳು ಕಿಟಕಿಯ ಬಳಿ ಬಾಡುತ್ತ ಎಲೆಯುದುರಿಸುತ್ತ ಜೀವ ಹಿಡಿದ ಕುಂಡ ಆ ವಾರ ಹಿತ್ತಿಲಿಗೆ ಹೋಗಿ, ಜೂನ್ ಜುಲೈಗಳ ಹದಿನೈದು ಗಂಟೆಯ ಬೆಳಕಿನಲ್ಲಿ ಚಿಗುರಿ, ಸೆಪ್ಟೆಂಬರಿನಲ್ಲಿ ಮತ್ತೆ ಒಳಗೆ ಬರುತ್ತದೆ.

ಊರಿನಿಂದ ತಂದೆತಾಯಿ ಬರುವುದೂ ಬಹುಮಟ್ಟಿಗೆ ಇದೇ ಅವಧಿಯಲ್ಲಿ. ಮಕ್ಕಳು ಕೆನಡಾದಲ್ಲಿ ನೆಲೆಸಿರುವವರಿಗೆ ಒಂದೇ ಸಲಕ್ಕೆ ಐದು ವರ್ಷದವರೆಗೆ ಉಳಿಯಲು ಅವಕಾಶವಿರುವ ಸೂಪರ್ ವೀಸಾ ಇದ್ದರೂ ಹಿರಿಯರಲ್ಲಿ ಅನೇಕರು ಮೇ ತಿಂಗಳಲ್ಲಿ ಬಂದು ಅಕ್ಟೋಬರಿಗೆ ಹಿಂದಿರುಗಲು ಬಯಸುತ್ತಾರೆ. ಹೊರಡುವ ಮುನ್ನ ಅವರಿಗೆ ಕಾಣಸಿಗುವುದು ನದಿಯಾಚೆಗಿನ ಗ್ಯಾಟಿನೋ ಬೆಟ್ಟಗಳ ಬಣ್ಣ. ಹಗಲು ಕುಗ್ಗಿದಂತೆ ಎಲೆಯಲ್ಲಿನ ಹಸಿರು ದ್ರವ್ಯ ಒಡೆದು, ಅದರಡಿಯಲ್ಲಿ ಮೊದಲೇ ಇದ್ದ ಹಳದಿ ಹೊರಗೆ ಕಾಣುತ್ತದೆ. ಮೇಪಲ್ಲಿನ ಕೆಂಪು ಮಾತ್ರ ಆಗಷ್ಟೇ ಎಲೆಯಲ್ಲಿ ಹೊಸದಾಗಿ ತಯಾರಾಗುವ ಬಣ್ಣ, ಬಿಸಿಲಿನ ಹಗಲು ಮತ್ತು ತಂಪಿನ ರಾತ್ರಿಗಳು ಕೂಡಿಬಂದ ವರ್ಷ ಅದು ಹೆಚ್ಚು ಗಾಢ.

ಈ ಮೆಚ್ಚುಗೆಯೆಲ್ಲ ಎಲ್ಲರಿಗೂ ಸಮಾನವಾಗಿ ಒದಗುವಂಥದಲ್ಲ ಎಂಬುದನ್ನೂ ಹೇಳಬೇಕು. ಒಳ್ಳೆಯ ಜಾಕೆಟ್ಟು ಮತ್ತು ಕಾರು ಇರುವವರ ಹಿಮಪಾತ ಬೇರೆ, ಓದಿಗೆ ತಕ್ಕ ಕೆಲಸ ಸಿಗದೆ ಗೋದಾಮಿನ ರಾತ್ರಿಪಾಳಿ ಮುಗಿಸಿ ಬಸ್ಸಿಗೆ ಕಾಯುವವರ ಹಿಮಪಾತ ಬೇರೆ. ಮನೆಯೊಳಗೇ ಉಳಿಯುವ ಗೃಹಿಣಿಯರನ್ನೂ ವೃದ್ಧರನ್ನೂ ನವೆಂಬರಿನ ಕತ್ತಲು ಹೆಚ್ಚು ಕುಗ್ಗಿಸುತ್ತದೆ. ಸಾರ್ವಜನಿಕ ಗ್ರಂಥಾಲಯಗಳ ಕಥಾಗೋಷ್ಠಿ, ಸರ್ಕಾರದ ಉಚಿತ ಇಂಗ್ಲಿಷ್ ತರಗತಿ, ಕನ್ನಡ ಸಂಘಗಳ ದೀಪಾವಳಿ ಮತ್ತು ರಾಜ್ಯೋತ್ಸವ ಇಂಥವರಿಗೆ ಮನರಂಜನೆಗಿಂತ ಅಗತ್ಯದ ವಸ್ತುಗಳು.

ಕಲಿತ ಋತುಕ್ರಮವೂ ಈಗ ಸ್ಥಿರವಾಗಿ ಉಳಿದಿಲ್ಲ. 2022–23ರ ಚಳಿಗಾಲದಲ್ಲಿ ರಿಡೋ ಕಾಲುವೆಯ ಮಂಜುಗಡ್ಡೆ ಸಾಕಷ್ಟು ದಪ್ಪವಾಗದೆ ಸ್ಕೇಟಿಂಗ್ ದಾರಿ ಮೊದಲ ಬಾರಿಗೆ ಒಂದು ದಿನವೂ ತೆರೆಯಲಿಲ್ಲ, ಮರುವರ್ಷ ಕೆಲವೇ ದಿನ ತೆರೆಯಿತು, 2025ರಲ್ಲಿ ಮತ್ತೆ ವಾರಗಟ್ಟಲೆ ನಡೆಯಿತು. 2023ರ ಜೂನಿನಲ್ಲಿ ಉತ್ತರದ ಕಾಡುಗಳ ಬೆಂಕಿಯ ಹೊಗೆ ನಗರವನ್ನು ಕವಿದು, ವಾಯುಗುಣಮಟ್ಟದ ಆರೋಗ್ಯ ಸೂಚ್ಯಂಕ ಹತ್ತರ ಮಿತಿಯನ್ನು ಮೀರಿತು. ವರ್ಷವಿಡೀ ಕಾದ ಬೇಸಿಗೆಯಲ್ಲಿ ಕಿಟಕಿ ಮುಚ್ಚಿಕೊಂಡು ಮಕ್ಕಳನ್ನು ಒಳಗೆ ಕೂರಿಸಬೇಕಾದ ಆ ದಿನಗಳಲ್ಲಿ ಏನು ಮಾಡಬೇಕೆಂದು ಹೊಸಬರು ನೆರೆಮನೆಯವರನ್ನು ಕೇಳಿದರೆ, ಹಿಮದ ಬಗ್ಗೆ ಎಲ್ಲವನ್ನೂ ಹೇಳಿಕೊಟ್ಟಿದ್ದ ಆ ಹಳಬರೂ ಫೋನಿನಲ್ಲಿ ಅದೇ ಸೂಚ್ಯಂಕವನ್ನು ನೋಡುತ್ತಿದ್ದರು.